ಕಿಡಿಗಳನ್ನು ಮೊಡವೆಯೆಂದು ಅಳಿಸಿದ ಯಂತ್ರದವರಿಗೆ

ಮಾನ್ಯ ಮುಖ ತಿದ್ದುವ ಯಂತ್ರದವರೇ,

ಪತ್ರಿಕಾ ಕಚೇರಿಯ ತಣ್ಣನೆಯ ಕೋಣೆಯಲ್ಲಿ ವಿರಾಜಮಾನರಾಗಿ, ಮಹಿಳಾ ಪುರವಣಿಗೆ ಬರುವ ಪ್ರತಿಯೊಂದು ಮುಖವನ್ನೂ ಇಸ್ತ್ರಿ ಹಾಕಿ ಕಳಿಸುತ್ತಿರುವ ತಮಗೆ, ಬಿಸಿಲಿಗೆ ಕಾದ ತಗಡಿನ ಶೆಡ್ಡಿನಲ್ಲಿ ಗೇಟು ಬೆಸೆಯುವ ನಾನು ಮಸಿ ಕೈ ಒರೆಸಿಕೊಂಡು ಮಾಡುವ ನಮಸ್ಕಾರಗಳು.

'ಇದ್ದ ಹಾಗೇ ಚೆಂದ' ಎಂಬ ತಮ್ಮ ಪುರವಣಿಯ ವಿಶೇಷ ಲೇಖನದಲ್ಲಿ ನನ್ನ ಫೋಟೋ ನೋಡಿ ಧನ್ಯಳಾದೆ. ವೆಲ್ಡಿಂಗ್ ಮಾಡುವಾಗ ಸುತ್ತ ಹಾರುತ್ತಿದ್ದ ಕಿಡಿಗಳನ್ನೆಲ್ಲ ಮೊಡವೆಯೆಂದು ತಿಳಿದು ಒಂದೂ ಉಳಿಯದಂತೆ ಅಳಿಸಿದ ತಮ್ಮ ಶ್ರದ್ಧೆಗೆ ಏನೆನ್ನಲಿ! ಕಿಡಿಗೆ ಹೆದರಿ ಒಂದು ಕಣ್ಣು ಮುಚ್ಚಿದ್ದ ನಾನು ಈಗ ಕಾರಣವಿಲ್ಲದೆ ಗೇಟಿಗೆ ಕಣ್ಣು ಹೊಡೆಯುತ್ತಿರುವಂತೆ ಕಾಣುತ್ತೇನೆ. ಅದೇ ಪುಟದ ಲಾರಿ ಚಾಲಕಿಗೂ ವಕೀಲರಿಗೂ ತಾವು ನನಗೆ ಕೊಟ್ಟ ಗಲ್ಲವನ್ನೇ ಕೊಟ್ಟಿದ್ದರಿಂದ ನಮ್ಮ ಅತ್ತೆ, "ಇಷ್ಟೊಂದು ಜನ ತಂಗೀರು ಇದ್ದಾರಲ್ಲೇ, ಮದುವೆಗೆ ಒಬ್ಬಳೂ ಬರ್ಲಿಲ್ವಲ್ಲ!" ಎಂದು ಇಷ್ಟು ವರ್ಷಗಳ ಮೇಲೆ ಮುನಿಸಿಕೊಂಡಿದ್ದಾರೆ.

ಇಷ್ಟಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಆ ಲೇಖನದಲ್ಲಿ ಬಂದದ್ದಕ್ಕೆ ಬಹುಮಾನವಾಗಿ ಪತ್ರಿಕೆಯವರು ನನಗೊಂದು ಹೊಸ ವೆಲ್ಡಿಂಗ್ ಮಷಿನ್ ಕೊಡುವವರಿದ್ದರು. ದೂರದ ಸಂಬಂಧದಲ್ಲಿ ಅದು ತಮಗೆ ತಮ್ಮನಾಗಬೇಕು. ನನ್ನ ಹಳೆಯದು ಕೆಮ್ಮಿ ಕೆಮ್ಮಿ ಮಲಗಿತ್ತು. ಹೊಸದು ಸಿಗದಿದ್ದರೆ ನಾನು ಒಪ್ಪಿಕೊಂಡಿದ್ದ ಶಾಲೆಯ ಗೇಟಿನ ಕೆಲಸ ಪಕ್ಕದ ಬೀದಿಯವನ ಪಾಲಾಗುತ್ತಿತ್ತು. ಹಾಗಾಗಿ ಎಣ್ಣೆ ಹಾಕಿ ತಲೆ ಬಾಚಿ ಬಹುಮಾನದ ಸಮಾರಂಭಕ್ಕೆ ಹೋದರೆ, ಬಾಗಿಲ ಕಾವಲಿನವನು ಪತ್ರಿಕೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಫೋಟೋದಲ್ಲಿರೋ ಮೇಡಂ ಇನ್ನೂ ಬಂದಿಲ್ಲ. ನೀವು ಅವರಮ್ಮ ಅಲ್ವಾ? ಹಿಂದೆ ಕೂತ್ಕೊಳ್ಳಿ" ಎಂದು ಗೌರವದಿಂದ ಕೂರಿಸಿದ. ವೇದಿಕೆಯಲ್ಲಿ ಮುಖ್ಯ ಅತಿಥಿಗಳು ಫೋಟೋ ನೋಡಿದರು, ಅದನ್ನು ಹೋಲುವ ಮುಖ ಹುಡುಕಿದರು, ಕಾರ್ಯಕ್ರಮ ನಿರೂಪಿಸುತ್ತಿದ್ದ ಹುಡುಗಿಯ ಕೈಗೆ ಮಷಿನ್ ಕೊಟ್ಟೇಬಿಟ್ಟರು. "ಅಯ್ಯೋ ಸಾರ್, ನಾನಲ್ಲ!" ಎಂದು ಅವಳು ಅಂದದ್ದನ್ನು ವಿನಯವೆಂದು ತಿಳಿದು ಸಭೆ ಇನ್ನಷ್ಟು ಚಪ್ಪಾಳೆ ತಟ್ಟಿತು. ನಾನು ಎದ್ದು, "ಅದು ನಾನು ಕಣ್ರೀ!" ಎಂದು ಕೂಗಿದರೆ ಪಕ್ಕದಾಕೆ ಸೆರಗೆಳೆದು, "ಮಗಳಿಗೆ ಬಹುಮಾನ ಬಂದ ಖುಷಿ ಇರುತ್ತಮ್ಮ, ಆದ್ರೂ ಇಷ್ಟು ಕೂಗ್ಬಾರ್ದು" ಎಂದು ಬುದ್ಧಿ ಹೇಳಿದಳು.

ಮರುದಿನ ಬೆಳಿಗ್ಗೆ ಶೆಡ್ಡಿನ ಮುಂದೆ ಒಂದು ಆಟೋ ನಿಂತು, ಕಣ್ಣ ಕೆಳಗೆ ಕಪ್ಪಾಗಿದ್ದ, ಮೂಗಿನ ಮೇಲೆ ಚುಕ್ಕೆಗಳಿದ್ದ ಒಬ್ಬ ಹುಡುಗಿ ಇಳಿದಳು. "ಏನಮ್ಮಾ, ಗೇಟು ಬೇಕಿತ್ತಾ?" ಎಂದೆ. "ಅಕ್ಕಾ, ನಿನ್ನೆ ಮೈಕ್ ಹಿಡಿದಿದ್ದವಳು ನಾನೇ. ಆ ಮುಖ ಹಚ್ಕೊಳ್ಳೋಕೆ ಎರಡು ಗಂಟೆ ಬೇಕು. ತಗೊಳ್ಳಿ ನಿಮ್ಮ ಮಷಿನ್ನು, ಭಾರ ಅಂದ್ರೆ ಭಾರ!" ಎಂದು ಉಸ್ಸೆಂದು ಕುಳಿತಳು. ನೋಡಿದಿರಾ, ಅವಳ ಮುಖ ಅವಳ ಜೊತೆ ವೇದಿಕೆಗೆ ಬಂದಿರಲಿಲ್ಲ, ನನ್ನದು ನನ್ನ ಹೆಸರಿನ ಜೊತೆ ಪತ್ರಿಕೆಗೆ ಬಂದಿರಲಿಲ್ಲ. ನಡುವೆ ಬಹುಮಾನ ಪಡೆದದ್ದು ತಾವು ಬಿಡಿಸಿದ ಮುಖವೊಂದೇ. ಮಷಿನ್ ಬಂದದ್ದರಿಂದ ಶಾಲೆಯ ಗೇಟು ನನ್ನ ಕೈಯಿಂದಲೇ ಎದ್ದು ನಿಂತಿದೆ.

ಈಗ ನನ್ನ ಸಣ್ಣ ವಿನಂತಿಗಳು. ನನ್ನ ಹುಬ್ಬಿನ ಮೇಲಿನ ಸುಟ್ಟ ಕಲೆ ನನ್ನ ಮೊದಲ ಗೇಟಿನ ಗುರುತು. ಅಳಿಸಿ ಎಲ್ಲಿಟ್ಟಿದ್ದೀರೋ ಹುಡುಕಿ ಅಂಚೆಯಲ್ಲಿ ಕಳಿಸಿಕೊಡಬೇಕು. ಪ್ರತಿ ವಾರ ಸ್ತ್ರೀ ಸಮಾನತೆಯ ಬಗ್ಗೆ ಬರೆಯುವ ಸಂಪಾದಕರ ಫೋಟೋದಲ್ಲಿ ಬೋಳು ತಲೆ, ಜೋಡಿ ಗಲ್ಲ, ಕಿವಿಯ ಕೂದಲುಗಳೆಲ್ಲ ಅನುಭವದ ಕಳೆಯೆಂದು ಹಾಗೇ ಉಳಿದಿವೆ. ಸಮಾನತೆಗಾಗಿ ಅವರಿಗೂ ಒಮ್ಮೆ ನನ್ನ ಗಲ್ಲ ದಯಪಾಲಿಸಿ. ನಮ್ಮ ಅತ್ತೆಗೆ ಒಬ್ಬರಾದರೂ ಬೀಗರು ಸಿಗಲಿ.

ತಮ್ಮ ವಿಶ್ವಾಸಿ,
ಫೋಟೋದಲ್ಲಿರುವ ಮೇಡಮ್ಮಿನ ತಾಯಿ, ಅಂದರೆ ನಾನೇ

ಮರೆತ ಮಾತು: 'ತಪ್ಪಿಗೆ ವಿಷಾದಿಸುತ್ತೇವೆ' ಎಂದು ಪತ್ರಿಕೆಯವರು ಹೊಸ ಫೋಟೋ ಕೇಳಿದಾಗ, ತಮಗೆ ಕೆಲಸವೇ ಇರಬಾರದೆಂದು ಮುಖ ಪೂರ್ತಿ ಮುಚ್ಚುವ ಕಬ್ಬಿಣದ ವೆಲ್ಡಿಂಗ್ ಮುಖವಾಡ ಹಾಕಿಕೊಂಡೇ ತೆಗೆಸಿ ಕಳಿಸಿದ್ದೆ. ಇಂದಿನ ಪತ್ರಿಕೆ ಬಂತು. ಮುಖವಾಡಕ್ಕೆ ತಾವು ಬಿಡಿಸಿರುವ ತುಟಿಗಳು ಬಹಳ ಚೆನ್ನಾಗಿವೆ.