ಅತ್ತೆಗೆ ಗೊತ್ತಾಗದಂತೆ ಊರು ಬಿಟ್ಟದ್ದು

"ಊರು ಬದಲಾಗಲಿ, ಸಭೆ ಬದಲಾಗಲಿ, ಬೇಕಾದರೆ ಆಕಾಶವೂ ಬದಲಾಗಲಿ! ಅತ್ತೆಗೆ ಮಾತ್ರ ಗೊತ್ತಾಗಕೂಡದು!"

ಪಾದ್ರಿಗಳ ಹೆಂಡತಿ ಸ್ಟೂಲಿನ ಮೇಲೆ ನಿಂತು, ಅಳತೆಯ ಟೇಪನ್ನು ಖಡ್ಗದಂತೆ ಮೇಲೆತ್ತಿ ಹೀಗೆಂದು ಪ್ರತಿಜ್ಞೆ ಮಾಡಿದಾಗ, ಕೆಳಗೆ ಸ್ಟೂಲು ಹಿಡಿದುಕೊಂಡಿದ್ದ ಪಾದ್ರಿಗಳು, "ಮೊದಲು ಇಳಿಯೇ. ಕಾಲು ಅಲ್ಲಾಡ್ತಿದೆ" ಎಂದರು.

"ನನ್ನದಾ?"

"ಸ್ಟೂಲಿಂದು."

ವರ್ಗಾವಣೆ ಆ ಮನೆಗೆ ಹೊಸದೇನಲ್ಲ. ಒಂದು ಸಭೆಯವರು ಅತ್ತು ಕಳಿಸುತ್ತಿದ್ದರು, ಇನ್ನೊಂದು ಸಭೆಯವರು ನಕ್ಕು ಬರಮಾಡಿಕೊಳ್ಳುತ್ತಿದ್ದರು, ನಡುವೆ ಲಾರಿಯಲ್ಲಿ ಒಂದೆರಡು ತಟ್ಟೆ ಒಡೆಯುತ್ತಿದ್ದವು. ಆದರೆ ಕಳೆದ ಸಲ ಒಡೆದದ್ದು ತಟ್ಟೆಯಲ್ಲ. ಹೊಸ ಮನೆಯ ಮೊದಲ ಬೆಳಿಗ್ಗೆ ಅತ್ತೆ ಬಚ್ಚಲು ಹುಡುಕಿಕೊಂಡು ಹೊರಟು, ಬಟ್ಟೆಯ ಬೀರುವಿನ ಬಾಗಿಲು ತೆಗೆದು ಒಳಗೆ ಹೋಗಿ ನಿಂತುಬಿಟ್ಟಿದ್ದರು. ಮಗನ ಅಂಗಿಗಳ ನಡುವೆ ಅವರು ಮೆಲ್ಲಗೆ ಅಳುವುದು ಕೇಳಿಸಿದ ಮೇಲೆಯೇ ಎಲ್ಲರೂ ಓಡಿಬಂದದ್ದು. ಅಲ್ಲಿಂದ ತಿಂಗಳುಗಟ್ಟಲೆ ಒಂದೇ ಮಾತು: "ಮನೆಗೆ ಹೋಗೋಣ." ಅನ್ನ ಮುಂದಿಟ್ಟರೆ, "ಮನೆಗೆ ಹೋಗಿ ಉಣ್ತೀನಿ." ಹೊದಿಸಲು ಹೋದರೆ, "ಮನೆಗೆ ಹೋಗಿ ಮಲಗ್ತೀನಿ." ಗೋಡೆಗಳು ಒಂದೊಂದಾಗಿ ಅವರಿಗೆ ಪರಿಚಯವಾಗುವ ಹೊತ್ತಿಗೆ ಅವರು ಅರ್ಧವಾಗಿದ್ದರು.

"ಮರೆವಿರೋರಿಗೆ ಮನೆಯೇ ಊರುಗೋಲು," ಡಾಕ್ಟರು ಹೇಳಿದ್ದರು. "ಇನ್ನೊಂದು ಸಲ ಕಿತ್ಕೊಂಡ್ರೆ ಏಳೋದು ಕಷ್ಟ."

ಬಿಷಪ್ಪರ ಕಚೇರಿ ಊರುಗೋಲುಗಳನ್ನು ನೋಡಿ ವರ್ಗ ಮಾಡುವುದಿಲ್ಲ. ಆದೇಶ ಬಂದೇ ಬಂತು.

ಆದ್ದರಿಂದಲೇ ಈ ಪ್ರತಿಜ್ಞೆ! ಹೊಸ ಪಾದ್ರಿಮನೆಯನ್ನು ಹಳೆಯದರಂತೆಯೇ ಜೋಡಿಸಿಬಿಟ್ಟರೆ ಆಯಿತು. ಮಂಚಕ್ಕೂ ಕಿಟಕಿಗೂ ಇರುವ ಅಂತರ, ಸ್ವಿಚ್ಚು ಇರುವ ಎತ್ತರ, ಪರದೆಯ ಮೇಲಿನ ಕಲೆ, ಎಲ್ಲವನ್ನೂ ಅವಳು ಅಳೆದು ತಲೆಯಲ್ಲಿ ತುಂಬಿಕೊಂಡಳು. "ಪಾದ್ರಿಮನೆಗಳೆಲ್ಲ ಒಂದೇ ಅಚ್ಚಿನವು ಕಣ್ರೀ. ನಮ್ಮ ಕೆಲಸ ಅರ್ಧ ಆದ ಹಾಗೇ!"

"ನಾನು ದೇವರ ಸೇವಕ. ಅಮ್ಮನಿಗೆ ಸುಳ್ಳು ಹೇಳೋಕಾಗಲ್ಲ."

"ನೀವು ಹೇಳೋದು ಬೇಡ, ಸುಮ್ನಿರಿ ಸಾಕು. ಭಾನುವಾರ ಬಿಟ್ಟು ಮಿಕ್ಕ ದಿನ ನೀವು ಸುಮ್ನಿರೋದೂ ಒಂದು ಸೇವೆನೇ."

ಮಗಳೊಂದಿಗೆ ಲಾರಿಯ ಹಿಂದೆಯೇ ಹೊಸ ಊರಿಗೆ ಬಂದಿಳಿದು ಮನೆಯ ಬೀಗ ತೆಗೆದವಳು ಅಲ್ಲೇ ಗರಬಡಿದವಳಂತೆ ನಿಂತಳು. ಅಚ್ಚೇನೋ ಅದೇ. ಆದರೆ ಕಟ್ಟಿದ ಮೇಸ್ತ್ರಿ ನಕ್ಷೆಯನ್ನು ಹಿಂದುಮುಂದಾಗಿ ಹಿಡಿದಿದ್ದನೋ ಏನೋ! ಕನ್ನಡಿಯೊಳಗಿನ ಮನೆಯ ಹಾಗೆ, ಅಲ್ಲಿ ಎಡಕ್ಕಿದ್ದದ್ದೆಲ್ಲ ಇಲ್ಲಿ ಬಲಕ್ಕಿತ್ತು.

"ಅಮ್ಮಾ, ಅಜ್ಜಿ ನಡೆಯೋವಾಗೆಲ್ಲ ಮುಂದೆ ಕನ್ನಡಿ ಹಿಡ್ಕೊಂಡು ಹೋಗೋಣ," ಎಂದಳು ಹೈಸ್ಕೂಲಿನ ಮಗಳು. "ಸರಿಹೋಗತ್ತೆ."

"ಬಾಯಿ ಮುಚ್ಚಿ ಬೀರು ಹಿಡ್ಕೋ."

ಆ ದಿನ ಅಲ್ಲಿ ನಡೆದದ್ದು ಸಾಮಾನು ಜೋಡಣೆಯಲ್ಲ, ಸಾಮ್ರಾಜ್ಯಗಳ ಮರುವಿಂಗಡಣೆ! ಎಡಗಡೆಯ ಕೋಣೆ ಅತ್ತೆಗೆ ಬೇಕು. ಅಲ್ಲಿ ಪಾದ್ರಿಗಳ ಕಚೇರಿಯಿತ್ತು. ಕಚೇರಿ ಉಗ್ರಾಣಕ್ಕೆ ಹೋಯಿತು. ಉಗ್ರಾಣದ ಈರುಳ್ಳಿ ಮೂಟೆ ಮಾತ್ರ ಎಲ್ಲಿಗೂ ಹೋಗಲಿಲ್ಲ, ಅದಕ್ಕೆ ಜಾಗವಿರಲಿಲ್ಲ. ಹಳೆಯ ಮನೆಯಲ್ಲಿ ಗೋಡೆಯಿದ್ದ ಕಡೆ ಇಲ್ಲಿ ಮುಂಬಾಗಿಲಿತ್ತು. ಅದಕ್ಕೆ ಬೀರು ಅಡ್ಡ ಬಂತು. ಅಲ್ಲಿ ಅತ್ತೆಯ ಓಡಾಟವೆಲ್ಲ ಹಿತ್ತಿಲ ಬಾಗಿಲಿನಿಂದಲೇ ಆಗುತ್ತಿದ್ದುದರಿಂದ ಇಲ್ಲಿ ಲೋಕವೆಲ್ಲ ಹಿತ್ತಿಲಿನಿಂದಲೇ ಬರಬೇಕು ಎಂದು ತೀರ್ಮಾನವಾಯಿತು.

ಮರುದಿನ ಸಂಜೆ ಪಾದ್ರಿಗಳು ತಾಯಿಯನ್ನು ಕಾರಿನಲ್ಲಿ ಕರೆತಂದರು. "ಆಸ್ಪತ್ರೆಗೆ ಹೋಗಿಬರೋಣ" ಎಂದಿದ್ದು ಸುಳ್ಳಾಗಬಾರದೆಂದು ದಾರಿಯಲ್ಲಿ ನಿಜವಾಗಿಯೂ ಒಂದು ಆಸ್ಪತ್ರೆಗೆ ಹೋಗಿ, ಕಾದು ಕೂತು, ತಮ್ಮ ಬಿಪಿಯನ್ನೂ ನೋಡಿಸಿಕೊಂಡು ಬಂದಿದ್ದರು. ಅದು ಏರಿತ್ತು.

ಅತ್ತೆ ಕೋಣೆಯ ಹೊಸ್ತಿಲಲ್ಲಿ ನಿಂತರು. ಮುದಿ ಕೈಯೊಂದು ಮಬ್ಬಿನಲ್ಲಿ ಗೋಡೆಯನ್ನು ಸವರುತ್ತ ಹೋಯಿತು, ಸ್ವಿಚ್ಚು ಸಿಕ್ಕಿತು, ದೀಪ ಹೊತ್ತಿತು. ಅತ್ತೆ ಮಂಚದ ಮೇಲೆ ಕೂತು ಕಾಲು ಚಾಚಿಕೊಂಡು, "ಅಬ್ಬ, ಮನೆಗೆ ಬಂದ್ವಿ" ಎಂದರು.

ಸೊಸೆ ಅಡುಗೆಮನೆಗೆ ಹೋಗಿ, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಆದರೆ ಊರನ್ನು ಗೆದ್ದವರಿಗೆ ಅದನ್ನು ಕಾಯುವ ಕೆಲಸವೂ ಇರುತ್ತದಲ್ಲ! ಹಳೆಯ ಮನೆಯ ಪಕ್ಕದಲ್ಲಿ ಮರ ಕೊಯ್ಯುವ ಮಿಲ್ಲಿತ್ತು. ಬೆಳಗಾದರೆ ಅದರ ಕೀರಲು ದನಿ, ಅದಕ್ಕೆ ಅತ್ತೆಯ ಬೈಗುಳ. ಇಲ್ಲಿ ಪಕ್ಕದಲ್ಲಿ ಇದ್ದದ್ದು ಖಾಲಿ ಸೈಟು. ಅತ್ತೆ ಎದ್ದು ಕೂತು ಯಾರನ್ನು ಬೈಯಬೇಕೆಂದು ತಿಳಿಯದೆ ಗಾಬರಿಯಿಂದ ಅತ್ತಿತ್ತ ನೋಡತೊಡಗಿದರು. ಸೊಸೆ ಹಿಂದಿನ ಕೋಣೆಗೆ ಓಡಿ ಖಾಲಿ ಮಿಕ್ಸಿ ತಿರುಗಿಸಿದಳು. "ಶುರು ಹಚ್ಕೊಂಡ ನೋಡು ದರಿದ್ರದೋನು!" ಎಂದು ಒಳಗಿನಿಂದ ನೆಮ್ಮದಿಯ ದನಿ ಬಂತು. ಅಂದಿನಿಂದ ದಿನಾ ಮಿಕ್ಸಿ. ವಾರ ಕಳೆಯುವಷ್ಟರಲ್ಲಿ ಅದು ಹೊಗೆ ಬಿಟ್ಟು ಕಣ್ಮುಚ್ಚಿತು. ಆಮೇಲೆ ಸೊಸೆಯೇ ಹಿತ್ತಿಲಲ್ಲಿ ಕೂತು ಹಳೆಯ ತಗಡನ್ನು ಗರಗಸದಿಂದ ಉಜ್ಜತೊಡಗಿದಳು.

ಸಭೆಯ ಹಿರಿಯರೊಬ್ಬರು ಸ್ವಾಗತಕ್ಕೆ ಬಂದದ್ದು ಇಂಥ ಒಂದು ಬೆಳಿಗ್ಗೆ. ಅವರ ಗಂಟಲಿಗಾಗಿ ಊರು ಅವರನ್ನು ಕಹಳೆ ಎಂದೇ ಕರೆಯುತ್ತಿತ್ತು. ಕೈಯಲ್ಲಿ ಹೂಗುಚ್ಛ ಹಿಡಿದು, ಮುಂಬಾಗಿಲು ತಟ್ಟಿ ತಟ್ಟಿ ಸೋತು, ಮನೆಗೆ ಸುತ್ತು ಹಾಕಿ, ಒಣಹಾಕಿದ ಲಂಗಗಳನ್ನು ತಲೆಯಿಂದ ತಳ್ಳುತ್ತ ಬಂದು, "ನಮ್ಮೂರಿಗೆ ಸ್ವಾ..." ಎಂದು ಊದಿದರು.

"ಶ್! ಊರು ಅನ್ಬೇಡಿ!" ಗರಗಸ ಹಿಡಿದೇ ಎದ್ದು ನಿಂತಳು ಪಾದ್ರಿಗಳ ಹೆಂಡತಿ.

ಅವರು ಗರಗಸ ನೋಡಿದರು. "ಮತ್ತೆ ಏನನ್ಲಿ, ಅಮ್ಮಾವ್ರೇ?"

"ಏನೂ ಅನ್ಬೇಡಿ. ಹೊಸಬರ ಹಾಗೆ ನೋಡ್ಲೂ ಬೇಡಿ."

ಹಿರಿಯರು ಹೂಗುಚ್ಛವನ್ನು ಬಟ್ಟೆಯ ಹಗ್ಗಕ್ಕೆ ಸಿಕ್ಕಿಸಿ ಹೊರಟುಹೋದರು. ಹೊಸ ಪಾದ್ರಿಯಮ್ಮನಿಗೆ ನಮ್ಮೂರ ಹೆಸರೆತ್ತಿದರೂ ಆಗದಂತೆ ಎಂಬ ಸುದ್ದಿ ಮಧ್ಯಾಹ್ನದೊಳಗೆ ಹಬ್ಬಿತು. ಭಾನುವಾರ ಅದಕ್ಕೆ ಸಾಕ್ಷಿಯೂ ಸಿಕ್ಕಿತು. ವಾರವೆಲ್ಲ ಈರುಳ್ಳಿ ಮೂಟೆಗೆ ಒರಗಿ ಪ್ರಸಂಗ ಸಿದ್ಧಮಾಡಿದ ಪಾದ್ರಿಗಳು ಕಣ್ಣು ಕೆಂಪಗೆ ಮಾಡಿಕೊಂಡು ವೇದಿಕೆ ಏರಿ, ಸಂತೋಷದ ವಿಷಯವಾಗಿ ಮಾತಾಡುತ್ತ ಮೂರು ಸಲ ಕಣ್ಣೊರೆಸಿಕೊಂಡರು. ಹಳೆಯ ಸಭೆಯನ್ನು ನೆನೆಸಿಕೊಂಡು ಅಳುತ್ತಾರೆ ಎಂದು ಎಲ್ಲರೂ ಸಿಟ್ಟಾದರು.

ಕಹಳೆ ಮತ್ತೆ ಲಂಗಗಳ ನಡುವಿನಿಂದ ತೂರಿ ಬಂತು. "ನೋಡಿ ಅಮ್ಮಾವ್ರೇ, ನೇರವಾಗೇ ಹೇಳ್ತೀನಿ. ಜನ ಬೇಜಾರು ಮಾಡ್ಕೊಂಡಿದಾರೆ. ನಿಮಗೆ ನಾವು ಹಿಡಿಸ್ದೇ ಇದ್ರೆ ಬಿಷಪ್ಪರ ಹತ್ರ ಮಾತಾಡ್ತೀವಿ. ಬೇರೆ ಕಡೆಗೆ ಹಾಕ್ತಾರೆ."

ಬೇರೆ ಕಡೆಗೆ! ಇನ್ನೊಂದು ಲಾರಿ, ಇನ್ನೊಂದು ಮನೆ, ಅಂಗಿಗಳ ನಡುವೆ ನಿಂತು ಅಳುವ ಅತ್ತೆ. ಅವಳ ಕೈಯಿಂದ ಗರಗಸ ಜಾರಿತು. ಒದ್ದೆ ಬಟ್ಟೆಗಳ ಮರೆಯಲ್ಲಿ ನಿಂತು, ತಗ್ಗಿದ ದನಿಯಲ್ಲಿ, ಬೀರುವಿನಿಂದ ಈರುಳ್ಳಿಯವರೆಗೆ ಎಲ್ಲವನ್ನೂ ಹೇಳಿಬಿಟ್ಟಳು. ಹೇಳಿ ಮುಗಿಸುವಾಗ ಅವಳಿಗೇ ಅದು ಹುಚ್ಚರ ಕಥೆಯಂತೆ ಕೇಳಿಸಿತು.

ಹಿರಿಯರು ಬಗ್ಗಿ ಗರಗಸ ಎತ್ತಿ ಅವಳ ಕೈಗೆ ಕೊಟ್ಟರು.

"ಮೊದಲೇ ಹೇಳ್ಬಾರ್ದಾಗಿತ್ತಾ ತಾಯಿ? ನಾನು ಪಿಸುಮಾತಲ್ಲೇ ಮಾತಾಡ್ತಿದ್ದೆ" ಎಂದು ಪಿಸುಗುಟ್ಟಿದರು. ಅವರ ಪಿಸುಮಾತು ಬೀದಿಯ ಆ ಕೊನೆಯವರೆಗೂ ಕೇಳಿಸಿತು. ಒಳ್ಳೆಯದೇ ಆಯಿತು! ಊರಿಗೆಲ್ಲ ಒಂದೇ ಸಲಕ್ಕೆ ಹೇಳಿದಂತಾಯಿತು. ಮಾರನೆಯ ದಿನದಿಂದ ಜನ ಹಿತ್ತಿಲಿನಿಂದಲೇ, ಹುಟ್ಟಿದಾಗಿನಿಂದ ಅದೇ ದಾರಿಯೆನ್ನುವ ಹಾಗೆ ಬಂದರು. ಅತ್ತೆಯನ್ನು ಕಂಡವರು, "ಮಂಡಿ ನೋವು ಹೇಗಿದೆ ಅಜ್ಜಿ?" ಎಂದು ಹಳೆಯ ಪರಿಚಯದವರ ಹಾಗೆ ಕೇಳಿದರು. ಬಡಗಿಯಾಗಿದ್ದ ಹಿರಿಯರ ತಮ್ಮ ತನ್ನ ಮರ ಕೊಯ್ಯುವ ಯಂತ್ರವನ್ನೇ ತಂದು ಖಾಲಿ ಸೈಟಿನಲ್ಲಿ ಇಟ್ಟುಕೊಂಡ. ಪ್ರತಿದಿನ ಬೈಸಿಕೊಳ್ಳುವ ಕೆಲಸ ಈಗ ಅವನದು.

ಅತ್ತೆ ಉಂಡರು, ಮಲಗಿದರು, ಕತ್ತಲಲ್ಲೂ ಬಚ್ಚಲಿಗೆ ತಾವೇ ಹೋಗಿಬಂದರು. "ಮನೆಗೆ ಹೋಗೋಣ" ಎಂಬ ಮಾತು ಒಂದು ದಿನವೂ ಬರಲಿಲ್ಲ.

"ಒಪ್ಕೊಳ್ರೀ, ಗೆದ್ದೆ ಅಂತ ಒಪ್ಕೊಳ್ಳಿ!" ಎಂದಳು ಗಂಡನಿಗೆ.

"ಒಪ್ಕೊಂಡೆ ಕಣೇ. ಈರುಳ್ಳಿ ಮಾತ್ರ ಆಚೆ ಇಡು."

ಗೆದ್ದ ಸಂಭ್ರಮದಲ್ಲಿ ಅವಳು ಮಧ್ಯಾಹ್ನ ಪೊರಕೆ ಹಿಡಿದು ಅತ್ತೆಯ ಕೋಣೆಗೆ ನುಗ್ಗಿ, ಪರದೆ ಎಳೆದು, ಮಂಚ ತಾನು ಅಳೆದು ಎಳೆದ ಗೆರೆ ದಾಟಿದೆಯೇ ಎಂದು ಬಗ್ಗಿ ನೋಡಿ, ಬಂದ ವೇಗದಲ್ಲೇ ಹೊರಟಿದ್ದಳು.

"ಸ್ವಲ್ಪ ಇಲ್ಲಿ ಬನ್ನಿ ತಾಯಿ," ಎಂದರು ಅತ್ತೆ.

ಬನ್ನಿ! ಅತ್ತೆ ಅವಳನ್ನು ಎಂದೂ ಬಹುವಚನದಲ್ಲಿ ಕರೆದವರಲ್ಲ. ಅವಳು ಪೊರಕೆಯೊಂದಿಗೆ ತಿರುಗಿದಳು.

"ನೀವು ಬಂದಾಗಿಂದ ನೋಡ್ತಿದೀನಿ. ಚುರುಕಾಗಿ ಕೆಲಸ ಮಾಡ್ತೀರಿ. ಪಾಪ, ಒಂದು ನಿಮಿಷ ಕೂರಲ್ಲ." ಅತ್ತೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಮನೆ ಅದೇ, ಕಿಟಕಿ ಅದೇ, ಆ ಗರಗಸದ ದರಿದ್ರದೋನೂ ಅವನೇ. ಆದ್ರೆ ನನ್ನ ಸೊಸೆ ಕಾಣ್ತಿಲ್ಲ. ಮಗನ್ನ ಕೇಳೋಕೆ ಭಯ. ಅವಳನ್ನ ಎಲ್ಲಿಗೆ ವರ್ಗ ಮಾಡಿದ್ರು, ನಿಮಗೇನಾದ್ರೂ ಗೊತ್ತಾ?"

ಹೊರಗೆ ಬಡಗಿಯ ಯಂತ್ರ ನಿಂತಿತು. ಪೊರಕೆಯನ್ನು ಎಲ್ಲಿಡಬೇಕೆಂದು ಅವಳಿಗೆ ತೋಚಲಿಲ್ಲ.

"ಬರ್ತಾಳೆ... ಬಂದೇ ಬರ್ತಾಳೆ, ಅತ್ತೆ."

"ನಾನು ನಿಮ್ಮ ಅತ್ತೆ ಅಲ್ವಲ್ಲ ತಾಯಿ," ಎಂದು ನಯವಾಗಿ ತಿದ್ದಿದರು ಮುದುಕಿ. ಆಮೇಲೆ ಅವಳ ಮುಖ ನೋಡಿ ಮನಸ್ಸು ಕರಗಿತೇನೋ, ಮಂಚದ ತುದಿಗೆ ಸರಿದು ಹಾಸಿಗೆಯ ಮೇಲೆ ಕೈಯಿಂದ ಮೆಲ್ಲಗೆ ತಟ್ಟಿದರು.

"ಅಳಬೇಡಿ. ಅವಳು ಬರೋ ತನಕ ಬೇಕಾದ್ರೆ ಕೂತ್ಕೊಳ್ಳಿ."