ಸೂರು ಸೋರಿದರೆ ಯಾರ ಜವಾಬ್ದಾರಿ?

ಬಾಡಿಗೆ ಮನೆಯ ತಪಾಸಣೆ ಎಂದರೆ ನನಗೆ ಹಲ್ಲಿನ ಡಾಕ್ಟರಿಗಿಂತ ಭಯ. ಮೂರು ತಿಂಗಳಿಗೊಮ್ಮೆ ಏಜೆಂಟ್ ಕೆರಿನ್ ಫೋನಿನ ಕ್ಯಾಮೆರಾ ಹಿಡಿದು ಬಂದು, ಓವನ್ನಿನ ಬಾಯನ್ನೂ ತೆರೆಸಿ ನೋಡುತ್ತಾಳೆ (ನನ್ನ ಬಾಯಿ ಆಗಲೇ ಒಣಗಿರುತ್ತದೆ). ಈ ಸಲವಂತೂ ಕರಾರು ಮುಗಿಯುವ ಹೊತ್ತು. ಹೋಬಾರ್ಟ್ ಊರಿನಲ್ಲಿ ಈ ಮನೆ ಕೈಬಿಟ್ಟರೆ ಇನ್ನೊಂದು ಸಿಗುವುದು ಕನಸಿನ ಮಾತು. ಅಂಥಾದ್ದರಲ್ಲಿ ಹಜಾರದ ಸೀಲಿಂಗ್ ಸೋರತೊಡಗಿತು.

"ಸೂರು ಸೋರಿದ್ರೆ ಅದು ಮಾಲೀಕರ ತಲೆನೋವು. ಫೋನ್ ಮಾಡಿ ಹೇಳು ಡಡ್ಲಿ," ಎಂದಳು ಹೆಂಡತಿ ಗ್ವೆನ್.

"ತಕರಾರು ಗಿರಾಕಿ ಅಂತ ಮನೆ ಬಿಡಿಸ್ತಾರೆ ಕಣೇ. ಸುಮ್ನಿರು."

"ನಾವು ಸುಮ್ನಿದ್ರೆ ಸೀಲಿಂಗು ಸುಮ್ನಿರುತ್ತಾ?"

ನಾನು ರಹಸ್ಯ ಕಾರ್ಯಾಚರಣೆಗೆ ಇಳಿದೆ, ಅಂದರೆ ಹತ್ತಿದೆ. ಸೀಲಿಂಗಿನ ಕಿಂಡಿಯಿಂದ ಅಟ್ಟಕ್ಕೆ ನುಸುಳಿ, ಸೋರುವಲ್ಲಿ ಬಕೆಟ್ ಇಟ್ಟೆ. ಅಲ್ಲಿ ಮರದ ಜಂತಿಗಳ ಮೇಲೆ ಮಾತ್ರ ಕಾಲಿಡಬೇಕು. ನಡುವೆ ಇರುವುದು ಬಿಸ್ಕತ್ತಿನಂಥ ಪ್ಲಾಸ್ಟರ್ ಹಾಳೆ.

ತಪಾಸಣೆಯ ಬೆಳಿಗ್ಗೆ ಜಡಿಮಳೆ. ಬಕೆಟ್ ತುಂಬಿ ತುಳುಕೀತೆಂದು ಹತ್ತಿದೆನೋ ಇಲ್ಲವೋ, ಕೆರಿನ್‌ಳ ಕಾರು ಬಂದು ನಿಂತಿತು.

"ಏಣಿ ತೆಗಿ, ಏಣಿ ತೆಗಿ," ಎಂದು ಮೇಲಿನಿಂದಲೇ ಪಿಸುಗುಟ್ಟಿದೆ.

"ನಿನ್ನ ಕರ್ಮ," ಎಂದು ಗ್ವೆನ್ ತೆಗೆದಿಟ್ಟಳು.

ಕತ್ತಲಲ್ಲಿ ಒಂದು ಜಂತಿಯ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಉಸಿರು ಬಿಗಿಹಿಡಿದೆ. ಎದೆಬಡಿತ ಕೆಳಗೆ ಕೇಳಿಸೀತೆಂದು ಎದೆಯನ್ನೂ ಅದುಮಿಕೊಂಡೆ.

"ಹೋದ ವಾರ ನೀವು ಫೋನ್ ಮಾಡಿದ್ದು ಇದಕ್ಕೇನಾ ಗ್ವೆನ್?" ಕೆರಿನ್‌ಳ ದನಿ.

"ಇದಕ್ಕೇ," ಎಂದು ಗ್ವೆನ್ ಬೇಕೆಂದೇ ದನಿ ಏರಿಸಿದಳು. "ಡಡ್ಲಿಗೆ ಹೇಳಿರ್ಲಿಲ್ಲ. ಹೆದ್ರಿ ಸಾಯ್ತಾನೆ."

"ನಾಳೆನೇ ರಿಪೇರಿಯವರು ಬರ್ತಾರೆ. ಬೇಗ ತಿಳಿಸಿದ್ರಲ್ಲ ಅಂತ ಮಾಲೀಕರಿಗೆ ಖುಷಿ. ಇನ್ನೂ ಎರಡು ವರ್ಷ ಇವರೇ ಇರ್ಲಿ ಅಂದ್ರು. ಕರಾರು ತಂದಿದೀನಿ, ಸಹಿ ಮಾಡಿದ್ರೆ ಆಯ್ತು."

ಎರಡು ವರ್ಷ. ಹೋದ ಜೀವ ಬಂದಂತಾಗಿ ಎದ್ದು ನಿಂತೆ. ಎಡಗಾಲು ಜಂತಿಯ ಮೇಲೇ ಇತ್ತು. ಬಲಗಾಲು ಮಾತ್ರ ಸಹಿ ಹಾಕುವ ಅವಸರದಲ್ಲಿ ನೇರವಾಗಿ ಹಜಾರಕ್ಕೆ ಇಳಿಯಿತು.

ತೊಡೆಯವರೆಗೆ ನಾನು ಕೆಳಗಿದ್ದೆ, ಮಿಕ್ಕವನು ಅಟ್ಟದಲ್ಲಿದ್ದೆ. ಕ್ಯಾಮೆರಾ ಕ್ಲಿಕ್ ಎಂದಿತು.

"ಸೂರು ಸೋರಿದ್ರೆ ಮಾಲೀಕರ ಜವಾಬ್ದಾರಿ ಗ್ವೆನ್," ಎಂದಳು ಕೆರಿನ್ ಶಾಂತವಾಗಿ. "ಕಾಲು ಸೋರಿದ್ರೆ ಬಾಡಿಗೆದಾರರದ್ದು."

ಕರಾರಿನ ಹಾಳೆ ಸರಸರನೆ ಅವಳ ಚೀಲಕ್ಕೆ ವಾಪಸಾಗುವ ಸದ್ದು ಕೇಳಿಸಿತು. ಅಷ್ಟರಲ್ಲಿ ಯಾರೋ ನನ್ನ ಪಾದ ಹಿಡಿದು ಕಾಲುಚೀಲ ಎಳೆದರು.

"ಒಂದ್ನಿಮಿಷ ಕೆರಿನ್," ಎನ್ನುತ್ತಿದ್ದಳು ಗ್ವೆನ್. "ಇವನ ಕೈ ಅಟ್ಟದಲ್ಲೇ ಉಳ್ಕೊಂಡಿದೆ. ಕಾಲಿನ ಹೆಬ್ಬೆಟ್ಟು ಒತ್ತಿಸಿದ್ರೆ ನಡಿಯುತ್ತಾ?"