ಎರವಲು ಬಿಸಿಲು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಸಾಸಿವೆ ಕಾಳಿನಷ್ಟಿದ್ದ ಒಂದು ಚಿಗುರು. ಬೆಳಿಗ್ಗೆ ಏಳಕ್ಕೆ ಗಡಿಯಾರ ರಿಪೇರಿಯವರು ತಮ್ಮ ಕೆಲಸದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಹೆಂಡತಿಯ ಬೋನ್ಸಾಯ್ ಆಲದ ಮರದ ಬೋಳು ಕೊಂಬೆಗಳನ್ನು ಒಂದೊಂದಾಗಿ ತಪಾಸಣೆ ಮಾಡುತ್ತಿದ್ದಾಗ ಅದು ಕಣ್ಣಿಗೆ ಬಿತ್ತು. ಗಾಜು ಒರೆಸಿ ಇನ್ನೊಮ್ಮೆ ನೋಡಿದರು. ಚಿಗುರೇ. ಆಗ ಬಾಯಿ ಮುಚ್ಚಿಕೊಂಡಿದ್ದಿದ್ದರೆ ಆ ದಿನ ನೆಟ್ಟಗೆ ಕಳೆಯುತ್ತಿತ್ತು. ಸಂತೋಷ ತಡೆಯಲಾರದೆ ಅದೇ ಕಟ್ಟಡದ ಡ್ರಿಲ್ ಮೇಷ್ಟ್ರಿಗೆ ಹೇಳಿಬಿಟ್ಟರು.

ಹೆಂಡತಿ ಎರಡು ತಿಂಗಳ ಹಿಂದೆ, ಕಾಲು ಮುರಿದುಕೊಂಡ ಅಕ್ಕನ ಆರೈಕೆಗೆಂದು ಹೊರಟಾಗ, "ರೀ, ಮನೆ ಹೇಗಾದ್ರೂ ಇರ್ಲಿ, ಮರ ಒಂದು ಜೋಪಾನ," ಎಂದಿದ್ದಳು. ಅಗಲವಾದ ತಟ್ಟೆಯಂಥ ಕುಂಡದಲ್ಲಿ ಅವಳು ಹದಿನಾರು ವರ್ಷ ಸಾಕಿದ ಮರ ಅದು. ಇವರು ಅಷ್ಟೂ ವರ್ಷ ಅದರ ಪಕ್ಕದಲ್ಲೇ ಓಡಾಡಿದ್ದರೂ ತಿರುಗಿ ನೋಡಿದವರಲ್ಲ. ಹಿಂದೊಮ್ಮೆ ಮೀನು ಸಾಕಲು ಹೋಗಿ ಮೂರೇ ದಿನದಲ್ಲಿ ತೊಟ್ಟಿ ಖಾಲಿ ಮಾಡಿದ್ದರು. ಜೀವ ಇರುವ ಯಾವುದನ್ನೂ ಈ ಮನುಷ್ಯನ ಕೈಗೆ ಕೊಡಬಾರದು ಎಂಬುದು ಅಂದಿನಿಂದ ಅವಳ ಗಟ್ಟಿ ಅಭಿಪ್ರಾಯ. ಅದು ಸುಳ್ಳೆಂದು ತೋರಿಸಿಕೊಡಬೇಕು ಎಂಬುದು ಇವರ ಹಟ.

ಅದಕ್ಕೆ ಮರವನ್ನು ಗಡಿಯಾರದಂತೆಯೇ ನೋಡಿಕೊಂಡರು. ಧೂಳು ತಾಗಬಾರದೆಂದು ಗಾಜಿನ ಬೀರುವಿನೊಳಗೆ ಇಟ್ಟರು. ದಿನಾ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಆರು ಚಮಚ ನೀರು ಹಾಕಿದರು. ಎಲೆ ಉದುರತೊಡಗಿದಾಗ ಬಾಯಾರಿಕೆ ಇರಬೇಕೆಂದು ಹನ್ನೆರಡು ಚಮಚ ಮಾಡಿದರು. ಮೂವತ್ತೈದನೆಯ ದಿನ ಕೊನೆಯ ಎಲೆಯೂ ಬಿತ್ತು. ಗಾಬರಿಬಿದ್ದು ಕುಂಡ ಎತ್ತಿಕೊಂಡು ನರ್ಸರಿಗೆ ಓಡಿದರು.

ನರ್ಸರಿಯಾಕೆ ಮಣ್ಣಿಗೆ ಬೆರಳು ತೂರಿಸಿ ನೋಡಿದಳು. "ಗಂಟೆ ನೋಡ್ಕೊಂಡು ನೀರು ಹಾಕಿದ್ರಾ?"

"ಒಂದು ನಿಮಿಷ ಹೆಚ್ಚುಕಮ್ಮಿ ಆಗಿಲ್ಲ."

"ಮಣ್ಣು ನೋಡಿ ಹಾಕ್ಬೇಕಿತ್ತು. ಬೇರಿಗೆ ಉಸಿರು ಕಟ್ಟಿದೆ, ಕತ್ತಲಲ್ಲಿ ಎಲೆ ಉದುರಿದೆ." ಆಕೆ ಕೊಂಬೆಯನ್ನು ಉಗುರಿನಿಂದ ಕೆರೆದು ನೋಡಿ ಮೆತ್ತಗಾದಳು. "ಒಳಗೆ ಹಸಿರಿದೆ, ಬದುಕುತ್ತೆ. ಬೆಳಗಿನ ಎಳೆ ಬಿಸಿಲು, ಸಂಜೆಯ ಇಳಿಬಿಸಿಲು ಕಾಣಿಸಿ. ಮಧ್ಯಾಹ್ನದ್ದು ಈಗ ತಡೆಯಲ್ಲ. ಮೇಲ್ಮಣ್ಣು ಒಣಗಿದ ಮೇಲೇ ನೀರು. ಎಲೆ ಬಲಿಯೋವರೆಗೂ ಗೊಬ್ಬರ ಗಿಬ್ಬರ ಏನೂ ಬೇಡ. ಜ್ವರ ಬಂದೋರಿಗೆ ಯಾರಾದ್ರೂ ಔತಣ ಹಾಕ್ತಾರಾ?"

ಆದರೆ ಇವರ ಮನೆಗಿದ್ದದ್ದು ಒಂದೇ ಕಿಟಕಿ, ಅದರ ಎದುರಿಗೆ ಪಕ್ಕದ ಕಟ್ಟಡದ ಗೋಡೆ. ಹಾಗಾಗಿ ಬಿಸಿಲನ್ನು ಎರವಲು ತರಬೇಕಾಯಿತು. ಬೆಳಿಗ್ಗೆ ಏಳೂ ಹತ್ತರಿಂದ ಎರಡನೇ ಮಹಡಿಯ ಡ್ರಿಲ್ ಮೇಷ್ಟ್ರ ಬಾಲ್ಕನಿ, ಇಳಿಬಿಸಿಲಿಗೆ ಮೂರೂ ಮುಕ್ಕಾಲರಿಂದ ಮೂರನೇ ಮಹಡಿಯ ಟೈಲರಮ್ಮನ ಬಾಲ್ಕನಿ. ಇಬ್ಬರೂ ಬಿಸಿಲನ್ನು ಬಿಟ್ಟಿ ಕೊಡುವವರಲ್ಲ. ನಿವೃತ್ತರಾದ ಮೇಲೆ ಕಸರತ್ತು ಮಾಡಿಸಲು ಯಾರೂ ಸಿಗದೆ ಸೊರಗಿದ್ದ ಮೇಷ್ಟ್ರು, ಬಿಸಿಲಿಗೆ ಬದಲಾಗಿ ದಿನಾ ಐವತ್ತು ಬಸ್ಕಿ ಹೊಡೆಸುತ್ತಿದ್ದರು. ಟೈಲರಮ್ಮ ಬಟ್ಟೆ ತೊಡಿಸಿ ನೋಡುವ ಬೊಂಬೆ ಬಡಕಲು. ದಪ್ಪ ಗಿರಾಕಿಗಳ ಬಟ್ಟೆಗೆ ಇವರ ಹೊಟ್ಟೆಯೇ ಅಳತೆ. ಮೂರು ವಾರದಿಂದ ಇವರು ತಮ್ಮ ಗಡಿಯಾರದಂಗಡಿ ತೆರೆಯುತ್ತಿದ್ದದ್ದು ಹತ್ತರಿಂದ ಮೂರರವರೆಗೆ ಮಾತ್ರ, ಗಿರಾಕಿಗಳಿಂದ ಬೈಸಿಕೊಂಡದ್ದು ಬೇರೆ.

ಚಿಗುರು ಕಂಡ ದಿನ ಸಂಜೆ ಆರಕ್ಕೆ ಹೆಂಡತಿ ಬರುವವಳಿದ್ದಳು. ಚಿಗುರನ್ನು ಆರರವರೆಗೆ ಕಾಪಾಡಿದರೆ ಗೆದ್ದಂತೆ. ಅಷ್ಟರಲ್ಲಿ ಮೇಷ್ಟ್ರು ಬಾಲ್ಕನಿಯಿಂದ ಬಗ್ಗಿ ಪೀಪಿ ಊದಿಬಿಟ್ಟರು.

"ಗಡಿಯಾರದವರ ಮರ ಚಿಗುರಿದೆ. ನೋಡೋರು ಸಾಲಾಗಿ ಬನ್ನಿ."

ಮೂರು ಮಹಡಿಯವರೂ ಬಂದರು. ಭೂತಗನ್ನಡಿ ಕೈಯಿಂದ ಕೈಗೆ ದಾಟಿತು.

"ನನ್ನ ಬಿಸಿಲಿಗೆ ಬಂದ ಚಿಗುರು," ಎಂದರು ಮೇಷ್ಟ್ರು.

"ಬೆಳಗಿನ ಬಿಸಿಲು ಸಪ್ಪೆ ಮೇಷ್ಟ್ರೇ, ಕಸುವಿರೋದೆಲ್ಲ ನನ್ನ ಕಡೆಯದಕ್ಕೆ," ಎಂದಳು ಟೈಲರಮ್ಮ.

ಇವರಿಬ್ಬರ ನಡುವೆ ಸಂಕಟಪಟ್ಟವರು ನೆಲಮಹಡಿಯ ಕಾಂಪೌಂಡರ್. ಅವರ ಮನೆಗೆ ಬಿಸಿಲೇ ಬೀಳುತ್ತಿರಲಿಲ್ಲ. ಇಷ್ಟು ದೊಡ್ಡ ಪುಣ್ಯದಲ್ಲಿ ತಮ್ಮ ಪಾಲು ಇಲ್ಲವಲ್ಲ ಎಂದು ಅವರ ಮುಖ ಸಣ್ಣದಾಯಿತು. "ಬಿಸಿಲು ಇರ್ಲಿ," ಎಂದರು. "ಈಗ ಇದಕ್ಕೆ ಬೇಕಾಗಿರೋದು ಟಾನಿಕ್. ನಿಮ್ಮನೆಯವ್ರು ಬರೋ ಹೊತ್ತಾಯ್ತು, ನಾಲ್ಕು ತೊಟ್ಟು ಹಾಕಿದ್ರೆ ಸಂಜೆಗೆ ಮರ ತುಂಬಾ ಎಲೆ."

"ಬೇಡಿ ಕಾಂಪೌಂಡರೇ, ನರ್ಸರಿಯವ್ರು ಏನೂ ಹಾಕ್ಬೇಡಿ ಅಂದಿದ್ದಾರೆ."

"ಅವ್ರೇನು ಔಷಧಿ ಓದಿದ್ದಾರಾ?"

ಆ ಮಾತಿನ ಧಾಟಿ ಕೇಳಿ ಗಡಿಯಾರದವರಿಗೆ ಭಯವಾಯಿತು. ಮರವನ್ನು ಎಂದಿನಂತೆ ಮೆಟ್ಟಿಲ ಬಳಿಯ ನೆರಳಲ್ಲಿ ಬಿಡದೆ ಅಂಗಡಿಗೇ ಹೊತ್ತೊಯ್ದು, ಮೇಜಿನ ದೀಪದ ಬುಡದಲ್ಲಿ ಇಟ್ಟುಕೊಂಡರು. ಹನ್ನೊಂದಕ್ಕೆ ಕಾಂಪೌಂಡರ್ ಅಲ್ಲಿಗೂ ಹಾಜರಾದರು.

"ನನ್ನ ವಾಚು ನಿಂತಿದೆ. ಬಿಚ್ಚಿ ನೋಡಿ."

ಇವರು ತಲೆ ಬಗ್ಗಿಸಿ ನೋಡಿದರು. ಅದಕ್ಕೆ ಯಾರೂ ಕೀಲಿ ಕೊಟ್ಟಿರಲಿಲ್ಲ, ಅಷ್ಟೆ. ತಲೆ ಎತ್ತಿದರೆ ಕುಂಡದ ಮೇಲೆ ಕಂದು ಟಾನಿಕ್ ತುಂಬಿದ ಡ್ರಾಪರ್ ತೂಗಾಡುತ್ತಿತ್ತು. ಇವರು ಎರಡೂ ಕೈಗಳನ್ನು ಮಣ್ಣಿನ ಮೇಲೆ ಕೊಡೆಯಂತೆ ಹಿಡಿದರು. ನಾಲ್ಕು ತೊಟ್ಟು ಅಂಗೈ ಹಿಂಬದಿಗೆ ಬಿದ್ದವು.

"ನಿಮ್ಮ ಒಳ್ಳೇದಕ್ಕೇ ಮಾಡ್ತಿರೋದು," ಎಂದು ಕಾಂಪೌಂಡರ್ ಬೇಸರದಿಂದ ಹೊರಟರು. ಟಾನಿಕ್ ಬಾಟಲಿಯ ಮುಚ್ಚಳ ಮಾತ್ರ ಹಾಕಲಿಲ್ಲ.

ಮೂರೂ ಮುಕ್ಕಾಲಕ್ಕೆ ಮರ ಟೈಲರಮ್ಮನ ಬಾಲ್ಕನಿ ಸೇರಿತು. ಗಡಿಯಾರದವರು ಅವಳ ಕೋಣೆಯ ನಡುವೆ, ನೇರಳೆ ಬಣ್ಣದ ಅರ್ಧ ಹೊಲಿದ ಗೌನಿನೊಳಗೆ ನಿಂತರು.

"ಅಲ್ಲಾಡ್ಬೇಡಿ, ಸುತ್ತ ಗುಂಡುಪಿನ್ನು ಚುಚ್ಚಿದೀನಿ. ಗೌನಿನವ್ರು ಐದಕ್ಕೆ ಬರ್ತಾರೆ."

ಇವರು ಅಲ್ಲಾಡಲಿಲ್ಲ. ಎದುರಿನ ಕನ್ನಡಿಯಲ್ಲಿ ಬಾಲ್ಕನಿ ಕಾಣುತ್ತಿತ್ತು. ಮರದ ಮೇಲೆ ಇಳಿಬಿಸಿಲು ಹದವಾಗಿ ಬಿದ್ದಿತ್ತು, ಅದನ್ನು ನೋಡುತ್ತ ಮನಸ್ಸು ತಂಪಾಯಿತು. ಬಾಗಿಲ ಬಳಿ ಯಾರೋ "ಅಂಗಿಗೊಂದು ಗುಂಡಿ ಬೇಕಿತ್ತು" ಎಂದದ್ದು ಕಿವಿಗೆ ಬಿದ್ದರೂ ಅದೇನು ಎಂದು ಯೋಚಿಸಲಿಲ್ಲ. ಮರುಗಳಿಗೆ ಕನ್ನಡಿಯಲ್ಲಿ ಕಾಂಪೌಂಡರ್ ತುದಿಗಾಲಲ್ಲಿ ಬಾಲ್ಕನಿಗೆ ಹೋಗುತ್ತಿದ್ದರು. ಈ ಸಲ ಕೈಯಲ್ಲಿ ಡ್ರಾಪರ್ ಇರಲಿಲ್ಲ, ಇಡೀ ಬಾಟಲಿಯೇ ಇತ್ತು.

ಗಡಿಯಾರದವರು ಹಾರಿದರು. ನಲವತ್ತು ಗುಂಡುಪಿನ್ನುಗಳೂ ಒಟ್ಟಿಗೆ ಚುಚ್ಚಿದವು. ನೇರಳೆ ಗೌನು ಮೈಮೇಲೆ ಬಂದದ್ದು ಕಂಡು ಬೆಚ್ಚಿದ ಕಾಂಪೌಂಡರ್ ಬಾಟಲಿಯನ್ನು ಅದರ ಮೇಲೆಯೇ ಸುರಿದರು. ಇವರು ಕುಂಡ ಕಿತ್ತುಕೊಂಡು ಮೆಟ್ಟಿಲಿಗೆ ಓಡಿದರು. ಹಿಂದಿನಿಂದ ಟೈಲರಮ್ಮ "ನನ್ನ ಗೌನು" ಎಂದು ಕತ್ತರಿ ಹಿಡಿದೇ ಓಡಿಬಂದಳು, ಅವಳ ಹಿಂದೆ ಕಾಂಪೌಂಡರ್. ಎರಡನೇ ಮಹಡಿಯ ತಿರುವಿನಲ್ಲಿ ಗೌನಿನ ಅಂಚು ಕಾಲಿಗೆ ಸಿಕ್ಕಿತು. ಮಂಡಿಯೂರಿ ಬಿದ್ದರು, ಆದರೆ ಕುಂಡವನ್ನು ಎದೆಯಿಂದ ಬಿಡಲಿಲ್ಲ.

ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದರು. ಸ್ವಲ್ಪ ಮಣ್ಣು ಚೆಲ್ಲಿತ್ತು. ಚಿಗುರು ಇತ್ತು. ಅವರ ಮೈಯೆಲ್ಲ ಹಗುರಾಯಿತು.

ಆಗ ಕೆಳಗಿನ ಮೆಟ್ಟಿಲಲ್ಲಿ ಎರಡು ಚಪ್ಪಲಿ ಬಂದು ನಿಂತವು.

"ರೀ, ಇದೇನು ಅವತಾರ?"

ಬಸ್ಸು ಬೇಗ ಬಂದಿತ್ತು. ಹೆಂಡತಿ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮುಚ್ಚಿದ ಬುಟ್ಟಿ ಹಿಡಿದು ನಿಂತಿದ್ದಳು. ಗೌನಿನ ವಿಷಯ ಹೇಳಲು ಹೋದರೆ ರಾತ್ರಿಯಾದೀತೆಂದು ಇವರು ನೇರವಾಗಿ ಮರವನ್ನೇ ಮುಂದೆ ಹಿಡಿದರು.

"ಸುಳ್ಳು ಹೇಳಲ್ಲ ಕಣೇ. ಇದನ್ನ ಪೂರ್ತಿ ಒಣಗಿಸಿಬಿಟ್ಟಿದ್ದೆ. ಈಗ ಚಿಗುರಿದೆ. ನೋಡು."

ಅವಳು ಭೂತಗನ್ನಡಿಯಲ್ಲಿ ನೋಡಿದಳು. ಆಮೇಲೆ ಮೆಟ್ಟಿಲ ಮೇಲೆ ಕೂತು ಅಳತೊಡಗಿದಳು. ಕತ್ತರಿ ಹಿಡಿದ ಟೈಲರಮ್ಮ ಎರಡು ಮೆಟ್ಟಿಲು ಹಿಂದಕ್ಕೆ ಸರಿದಳು. ಇವರು ಗೌನು ಎತ್ತಿಕೊಂಡು ಅವಳ ಪಕ್ಕಕ್ಕೆ ಬಂದರು.

"ಅಳ್ಬೇಡ. ಎಲೆ ಬರುತ್ತೆ, ಎರಡು ತಿಂಗಳಲ್ಲಿ ಮೊದಲಿನ ಹಾಗಾಗುತ್ತೆ."

"ಅದಲ್ಲ ರೀ." ಅವಳು ಬುಟ್ಟಿಯ ಮೇಲಿನ ಟವೆಲ್ ತೆಗೆದಳು. ಒಳಗೆ ಇನ್ನೊಂದು ಬೋನ್ಸಾಯ್ ಆಲದ ಮರವಿತ್ತು. ಕಾಂಡ ಇದರ ಎರಡರಷ್ಟು ದಪ್ಪ. ಒಂದು ಎಲೆಯೂ ಇರಲಿಲ್ಲ.

"ನಮ್ಮ ಮರ ಇದು," ಎಂದಳು. "ನಿಮ್ಮ ಕೈಗೆ ಕೊಟ್ಟು ಹೋಗೋಕೆ ಧೈರ್ಯ ಬರ್ಲಿಲ್ಲ. ಹಾಗಂತ ಹೇಳಿದ್ರೆ ನಿಮಗೆ ಬೇಜಾರಾಗುತ್ತೆ. ಅದಕ್ಕೇ ಅಂಥದ್ದೇ ಎರಡು ವರ್ಷದ ಗಿಡವೊಂದನ್ನ ತಂದಿಟ್ಟು, ಇದನ್ನ ಜೊತೇಲಿ ತಗೊಂಡು ಹೋದೆ. ಅದು ಒಣಗಿದ್ರೂ ಚಿಂತೆ ಇಲ್ಲ ಅಂದ್ಕೊಂಡಿದ್ದೆ."

"ಇದಕ್ಕೇನಾಯ್ತು?"

"ಅಕ್ಕನ ಮನೇಲಿ ಫ್ರಿಡ್ಜ್ ಮೇಲೆ ಇಟ್ಟಿದ್ದೆ, ಅಲ್ಲಿ ಕಿಟಕಿ ಇಲ್ಲ. ಅಕ್ಕನ ಕಾಲು ನೋಡ್ಕೊಳ್ಳೋದ್ರಲ್ಲಿ ಇದು ಮರೆತೇಹೋಯ್ತು. ಮರೆತ್ನಲ್ಲ ಅಂತ ಹೆದರಿ ಚೊಂಬುಗಟ್ಟಲೆ ನೀರು ಸುರಿದೆ."

ಒಂದೇ ಕಂಪನಿಯ ಎರಡು ಗಡಿಯಾರಗಳನ್ನು ಕಣ್ಣು ಮುಚ್ಚಿ ಸದ್ದಿನಲ್ಲೇ ಬೇರೆ ಮಾಡಬಲ್ಲ ಮನುಷ್ಯ, ಮನೆಯ ಮರ ಬದಲಾದದ್ದನ್ನು ಎರಡು ತಿಂಗಳಾದರೂ ಗುರುತಿಸಿರಲಿಲ್ಲ. ನಾಚಿಕೆಯಾಯಿತು. ಕೋಪವೂ ಬರಬೇಕಿತ್ತು. ಬಂದದ್ದು ಮಾತ್ರ ದೊಡ್ಡ ನೆಮ್ಮದಿ. ಈ ಮರ ಬೋಳಾದದ್ದು ತಮ್ಮ ಕೈಯಿಂದ ಅಲ್ಲ.

ಅವರು ಬುಟ್ಟಿಯೊಳಗೆ ಕೈಹಾಕಿ ಒಂದು ಕೊಂಬೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದರು. "ಹಸಿರಿದೆ. ಬದುಕುತ್ತೆ."

"ನಿಜವಾಗ್ಲೂ?"

"ಮೂರು ವಾರ ಕೊಡು."

ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. "ನಿಮ್ಮ ಕೈಲೇ ಬಿಟ್ಟು ಹೋಗಿದ್ರೆ ಚೆನ್ನಾಗಿತ್ತು ರೀ," ಎಂದಳು. ಆ ಮಾತನ್ನು ನಾಲ್ಕು ಜನರ ಎದುರಿಗೇ ಹೇಳಿದಳು. ಗೌನಿನೊಳಗಿದ್ದರೂ ಅವರ ಎದೆ ಉಬ್ಬಿತು, ಉಳಿದಿದ್ದ ಪಿನ್ನುಗಳು ಮತ್ತೆ ಚುಚ್ಚಿದವು.

ಅವಳು ಅಲ್ಲೇ ಕೂತು ಅಕ್ಕನಿಗೆ ಫೋನ್ ಹಚ್ಚಿದಳು. "ತಲುಪಿದೆ ಕಣೇ ಅಕ್ಕಾ. ಮರ ಬದುಕುತ್ತಂತೆ. ನಮ್ಮ ಯಜಮಾನ್ರು ಈ ವಿಷಯದಲ್ಲಿ ಎತ್ತಿದ ಕೈ, ನನಗೇ ಗೊತ್ತಿರ್ಲಿಲ್ಲ." ಆಚೆಯಿಂದ ಅಕ್ಕ ಬಹಳ ಹೊತ್ತು ಏನೋ ಹೇಳಿದಳು. ಹೆಂಡತಿ ಫೋನಿಗೆ ಕೈ ಅಡ್ಡ ಹಿಡಿದು ಇವರತ್ತ ತಿರುಗಿದಳು.

"ಅಕ್ಕನ ಮನೇಲೂ ಹನ್ನೊಂದು ಕುಂಡ ಒಣಗಿವೆಯಂತೆ. ನಾಳೆ ಬಸ್ಸಿಗೆ ಹಾಕಿ ಕಳಿಸ್ಲಾ ಅಂತ ಕೇಳ್ತಿದ್ದಾಳೆ. ನಿಮ್ಮಿಂದ ಆಗುತ್ತಾ ರೀ?"

ಆಗಲ್ಲ ಎಂಬ ಮಾತು ಗಡಿಯಾರದವರ ನಾಲಿಗೆಯ ತುದಿಗೆ ಬಂದಿತ್ತು. ಹದಿಮೂರು ಕುಂಡ ಇಡುವಷ್ಟು ಬಿಸಿಲು ಆ ಕಟ್ಟಡದಲ್ಲೇ ಇರಲಿಲ್ಲ. ಆದರೆ ಹೆಂಡತಿ ಇವರ ಮುಖವನ್ನು ಅಷ್ಟು ಭರವಸೆಯಿಂದ ನೋಡಿದ್ದು ಮದುವೆಯಾದ ಮೇಲೆ ಇದೇ ಮೊದಲು.

"ಕಳಿಸೋಕೆ ಹೇಳು," ಎಂದರು.